ದಾರಿಬದಿಯ ಆಸನಗಳು

ಹಿಂದಿನ ಕಾಲದ ದಾರಿಗಳಲ್ಲಿ ಭುಜದೆತ್ತರದ ಎರಡು ನಿಲುಗಲ್ಲುಗಳು, ಅವುಗಳ ಮೇಲೆ ಅಡ್ಡಲಾಗಿರಿಸಿದ ಒಂದು ಚಪ್ಪಡಿ, ಅಲ್ಲಲ್ಲಿ ಕಾಣಸಿಗುತ್ತಿದ್ದುವು. ಕನ್ನಡಿಗರು ಇದನ್ನು ಹೊರೆಗಲ್ಲು ಎಂದರು. ಮಲಯಾಳಿಗಳು ಚುಮಡುತಾಂಗಿ ಎಂದೂ ಅತ್ತಾಣಿ ಎಂದೂ ಕರೆದರು. ತಲೆಹೊರೆ ಹೊತ್ತು ಬಂದವನು ಪರರ ಕೈಯಾಸರೆಯನ್ನು ಬೇಡದೆ, ಸೊಂಟ ಬಗ್ಗಿಸದೆ, ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿದ ಬಳಿಕ ಮತ್ತೆ ತಲೆಗೇರಿಸಿಕೊಂಡು ಮುಂದುವರಿಯಬಹುದಾಗಿತ್ತು. ಕೊಚ್ಚಿಯ ವಿಮಾನ ನಿಲ್ದಾಣದ ಸಮೀಪ ಹೆದ್ದಾರಿಯಲ್ಲಿರುವ ಕೂಡುರಸ್ತೆಯ ಹೆಸರು ಇಂದಿಗೂ ಅತ್ತಾಣಿ. (ಬೆಳಗಾವಿ ಜಿಲ್ಲೆಯ ಅಥಣಿಯೊಡನೆ ಇದನ್ನು ಗಂಟುಹಾಕಬೇಕಾಗಿಲ್ಲ.)

ತಲೆಹೊರೆಯ ಕಾಲ ಕಳೆಯಿತು. ದೇಹದ ದಣಿವು ಕಳೆಯಲಿಲ್ಲ. ನಡಿಗೆ ಆರೋಗ್ಯಕ್ಕೆ ಹಿತವೆಂದು ಎಲ್ಲ ವೈದ್ಯರೂ ಹೇಳುತ್ತಾರೆ. ಆದರೆ ನಡುವೆ ಕುಳಿತುಕೊಳ್ಳಲು ಎಡೆಯಿಲ್ಲದ ಬೀದಿಯಲ್ಲಿ ಮಂಡಿನೋವಿನ ವೃದ್ಧರು ನಡೆಯುವುದಾದರೂ ಹೇಗೆ? ಕಾಲಿನ ರಕ್ತನಾಳಗಳು ಕಿರಿದಾದವರಿಗೆ ಸ್ವಲ್ಪ ದೂರ ನಡೆದೊಡನೆ ಮೀನಖಂಡದಲ್ಲಿ ನೋವು ಹಿಡಿಯುತ್ತದೆ. ಕೆಲವು ನಿಮಿಷ ನಿಂತರೆ ಅಥವಾ ಕುಳಿತರೆ ಬಿಡುತ್ತದೆ. ನೋವು ಬರುವವರೆಗೆ ನಡೆದು, ವಿಶ್ರಮಿಸಿ, ಮತ್ತೆ ನಡೆಯುವುದೇ ಇಂತಹವರಿಗೆ ವಿಧಿಸುವ ವ್ಯಾಯಾಮ. ಆದುದರಿಂದ ದಾರಿಬದಿಯ ಬೆಂಚು ಅವರ ಪಾಲಿಗೆ ಚಿಕಿತ್ಸೆಯ ಒಂದು ಅಂಗವೇ ಸರಿ. ಆಸನವು ನೆಲದಿಂದ ಸುಮಾರು 17-18 ಅಂಗುಲ ಎತ್ತರವಿದ್ದು, ಬೆನ್ನಿಗೆ ಆಧಾರವೂ ಕೈ ಊರಿ ಏಳಲು ತೋಳೂ ಇದ್ದರೆ ಒಳ್ಳೆಯದು. ತೀರ ತಗ್ಗಿನ ಆಸನದಿಂದ ಏಳುವಾಗ ಮಂಡಿಯ ಮೇಲೂ ಸೊಂಟದ ಕೀಲಿನ ಮೇಲೂ ಹೆಚ್ಚಿನ ಭಾರ ಬೀಳುತ್ತದೆ.

ದೀರ್ಘಕಾಲ ನಿಂತೇ ಇರುವುದೂ ಅಪಾಯಕರ. ರಕ್ತ ಕಾಲಿನಲ್ಲಿಯೇ ತಂಗಿ, ಪಾದ ಊದಿಕೊಂಡು, ಅಭಿಧಮನಿಗಳು ಉಬ್ಬಿ ಗಂಟಾಗುತ್ತವೆ. ಕೇರಳದ ಜವಳಿ ಅಂಗಡಿಗಳ ಮಾರಾಟಗಾರ್ತಿಯರು ಇದನ್ನು ಅನುಭವಿಸಿ ಬಲ್ಲರು. ಕುಳಿತುಕೊಳ್ಳುವ ಹಕ್ಕಿಗಾಗಿ ಕೋಳಿಕ್ಕೋಡಿನ ಪಿ. ವಿಜಿ ಮುಂತಾದವರು ನಡೆಸಿದ ಹೋರಾಟದ ಫಲವಾಗಿ 2018ರಲ್ಲಿ ಅಲ್ಲಿಯ ಸರಕಾರವು ಅಂಗಡಿಗಳ ಕಾಯಿದೆಯನ್ನು ತಿದ್ದಿ ಕೆಲಸದ ಸ್ಥಳದಲ್ಲಿ ಆಸನವನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿತು. ಒಂದು ಸಣ್ಣ ಸ್ಟೂಲಿಗೂ ಶಾಸನ ಬೇಕಾಯಿತು!

ತಿರುವನಂತಪುರದ ತಂಬಾನೂರಿನಲ್ಲಿ ಬಸ್ ನಿಲ್ದಾಣದ ಮಗ್ಗುಲಲ್ಲಿರುವ ಇಂಡಿಯನ್ ಕಾಫಿ ಹೌಸನ್ನು ನೋಡಿದವರು ಮರೆಯಲಾರರು. ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತೀಯರೇ ಆಗಿಹೋದ ವಾಸ್ತುಶಿಲ್ಪಿ ಲಾರಿ ಬೇಕರ್ (1917-2007) ಕಟ್ಟಿದ ಕೆಂಪು ಇಟ್ಟಿಗೆಯ ಗೋಪುರವಿದು. ಒಳಗೆ ಮಹಡಿಗಳಿಲ್ಲ. ಶಂಖದ ಸುರುಳಿಯಂತೆ ಮೇಲೇರುವ ಒಂದೇ ಇಳಿಜಾರು ನೆಲ. ಹೊರಗೋಡೆಯುದ್ದಕ್ಕೂ ಕಟ್ಟಡದೊಡನೆಯೇ ಕಟ್ಟಿದ ಮೇಜು, ಬೆಂಚುಗಳು. ಗೋಡೆಯ ಕಿಂಡಿಗಳಿಂದ ಒಳಬರುವ ಗಾಳಿ, ಬೆಳಕು. ನೆಲ ವಾಲಿದ್ದರೂ ಮೇಜು ಸಮತಟ್ಟಾಗಿರುವುದರಿಂದ ಕಾಫಿ ಚೆಲ್ಲುವುದಿಲ್ಲ. ಕೂಲಿಯವನೂ ಅಧಿಕಾರಿಯೂ ಅದೇ ಬಗೆಯ ಬೆಂಚಿನ ಮೇಲೆ ಕೂರಬೇಕು. ಮಕ್ಕಳಿಗಂತೂ ಅದೊಂದು ಆಟದ ಬಯಲು. ಆದರೆ ಇಲ್ಲಿಯ ಆಸನಗಳನ್ನು ಕದಲಿಸಲಾಗದು; ಸ್ಥೂಲಕಾಯದವರೂ ಬೆನ್ನುನೋವಿನವರೂ ಸ್ವಲ್ಪ ಕಷ್ಟಪಡಬೇಕಾಗುತ್ತದೆ.

ಕದಲಿಸಬಹುದಾದ ಆಸನದ ಗುಣವನ್ನು ಅಮೆರಿಕದ ವಿಲಿಯಂ ವೈಟ್ ಎಂಬ ವಿದ್ವಾಂಸರು 1980ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸೊಗಸಾಗಿ ನಿರೂಪಿಸಿದ್ದಾರೆ. ನ್ಯೂಯಾರ್ಕಿನ ಚೌಕಗಳಲ್ಲಿ ಬಿಡಿ ಕುರ್ಚಿ ಸಿಕ್ಕಿದವರು ಕೂರುವ ಮೊದಲು ಅದನ್ನು ಕೆಲವೇ ಅಂಗುಲಗಳಷ್ಟಾದರೂ ಸರಿಸುತ್ತಿದ್ದರು. ಬಿಸಿಲಿಗೆ, ನೆರಳಿಗೆ, ಗೆಳೆಯರ ಸಮೀಪಕ್ಕೆ, ಅಪರಿಚಿತರಿಂದ ದೂರಕ್ಕೆ ಸರಿಯುವ ಸ್ವಾತಂತ್ರ್ಯ ಆ ಕುರ್ಚಿಯಲ್ಲಿತ್ತು.

ಯಾರು ಯಾರ ಪಕ್ಕದಲ್ಲಿ ಕೂರಬೇಕೆಂಬ ಈ ಸ್ವಾತಂತ್ರ್ಯವನ್ನು ಸಹಿಸದವರೂ ಉಂಟು. 2017ರ ಮಾರ್ಚ್ 8ರಂದು, ಅದೂ ಮಹಿಳಾ ದಿನದಂದು, ಕೊಚ್ಚಿಯ ಮರೀನ್ ಡ್ರೈವಿನಲ್ಲಿ ಜೊತೆಯಾಗಿ ಕುಳಿತಿದ್ದ ಯುವಕಯುವತಿಯರನ್ನು ಒಂದು ಗುಂಪಿನವರು ಬೆತ್ತ ಹಿಡಿದು ಅಟ್ಟಿದರು. ತಿರುವನಂತಪುರದಲ್ಲಿ ಬೆತ್ತದ ಕೆಲಸವನ್ನು ಗರಗಸಕ್ಕೆ ವಹಿಸಲಾಯಿತು. 2022ರ ಜುಲೈ ತಿಂಗಳಿನಲ್ಲಿ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನ ಸಮೀಪದ ಬಸ್ ತಂಗುದಾಣಕ್ಕೆ ಬಂದ ವಿದ್ಯಾರ್ಥಿಗಳು, ಉದ್ದನೆಯ ಒಂದು ಬೆಂಚು ಮೂರು ಬಿಡಿ ಆಸನಗಳಾಗಿರುವುದನ್ನು ಕಂಡರು. ಹುಡುಗ ಹುಡುಗಿಯರು ಒತ್ತಾಗಿ ಕೂರಬಾರದೆಂದು ಸ್ಥಳೀಯರು ಹೀಗೆ ಕತ್ತರಿಸಿದ್ದರೆಂಬುದು ಬಯಲಾಯಿತು.

ವಿದ್ಯಾರ್ಥಿಗಳು ಘೋಷಣೆ ಕೂಗಲಿಲ್ಲ. ಆಸನವೊಂದಕ್ಕೆ ಒಬ್ಬರು ಕುಳಿತರು. ಅವರ ತೊಡೆಯ ಮೇಲೆ ಇನ್ನೊಬ್ಬರು ಕುಳಿತರು. ದೂರವಿರಿಸಲು ಮಾಡಿದ ಉಪಾಯವೇ ಅವರನ್ನು ಮತ್ತಷ್ಟು ಹತ್ತಿರ ತಂದ ಆ ಚಿತ್ರ ದೇಶದಾದ್ಯಂತ ಹರಡಿ ಎಲ್ಲರನ್ನೂ ನಗಿಸಿತು. ಆಗಿನ ಮೇಯರ್ ಆರ್ಯಾ ರಾಜೇಂದ್ರನ್ ಸ್ಥಳಕ್ಕೆ ಬಂದು, ಬೆಂಚು ಕತ್ತರಿಸಿದ್ದು ಅನುಚಿತವೆಂದು ಖಂಡಿಸಿ, ಲಿಂಗಭೇದವಿಲ್ಲದೆ ಎಲ್ಲರೂ ಬಳಸಬಹುದಾದ ಹೊಸ ತಂಗುದಾಣವನ್ನು ನಗರಸಭೆಯೇ ಕಟ್ಟಿಸುವುದೆಂದು ತಿಳಿಸಿದರು. ಸೆಪ್ಟೆಂಬರಿನಲ್ಲಿ ಹಳೆಯ ತಂಗುದಾಣವನ್ನು, ಅದರ ಮೂರು ಆಸನಗಳ ಸಮೇತ, ಕೆಡವಲಾಯಿತು.