ನಿಲುವಿನ ಮರ್ಮ: ದೇಹವು ಸಮತೋಲವನ್ನು ಕಾಯ್ದುಕೊಳ್ಳುವ ಬಗೆ

ಜಾತ್ರೆಯ ದಿನ ನಂದಿಕೋಲನ್ನು ಹೊತ್ತು ಕುಣಿಯುವವನನ್ನು ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಆಳೆತ್ತರವನ್ನು ಹಲವು ಪಟ್ಟು ಮೀರಿದ ಆ ಕೋಲಿನ ಬುಡವು ಅವನ ಸೊಂಟದ ಕಟ್ಟಿನಲ್ಲಿ ನೆಲೆಗೊಂಡಿರುತ್ತದೆ. ತುದಿಯಾದರೋ ಮೇಲೆ ಗಾಳಿಯಲ್ಲಿ ತೂಗುತ್ತಿರುತ್ತದೆ. ಕೋಲು ಮುಂದಕ್ಕೆ ವಾಲಿದೊಡನೆ ಅವನ ಹೆಜ್ಜೆ ಮುಂದೆ ಸರಿಯುತ್ತದೆ. ಎಡಕ್ಕೆ ಬಾಗಿದೊಡನೆ ಸೊಂಟ ಎಡಕ್ಕೆ ಹೊರಳುತ್ತದೆ. ದೂರದಲ್ಲಿ ನಿಂತು ನೋಡುವವರಿಗೆ ಕೋಲು ನೆಟ್ಟಗೆ ನಿಂತಿದೆ ಎನಿಸುತ್ತದೆ. ಅದು ಹಾಗೆ ನಿಂತಿರುವುದು ಅಲುಗಾಡದೆ ಇರುವುದರಿಂದಲ್ಲ. ಬೀಳತೊಡಗಿದ ಪ್ರತಿಯೊಂದು ಸಲವೂ ಅದನ್ನು ತಿದ್ದುವವನೊಬ್ಬನು ಕೆಳಗೆ ಇರುವುದರಿಂದ.

ಮಾನವ ಶರೀರವೂ ಇಂಥದೇ ಒಂದು ಕೋಲು. ವ್ಯತ್ಯಾಸವಿಷ್ಟೆ: ಇಲ್ಲಿ ಕೋಲೂ ಅದನ್ನು ಹೊತ್ತವನೂ ಒಂದೇ. ಕನ್ನಡದಲ್ಲಿ ‘ನಿಲ್ಲು’ ಎಂಬ ಧಾತುವಿಗೆ ಎರಡು ಅರ್ಥಗಳಿವೆ. ಎದ್ದು ನಿಲ್ಲುವುದೂ ನಿಲ್ಲುವುದೇ, ಚಲನೆಯನ್ನು ಬಿಟ್ಟು ಸುಮ್ಮನಾಗುವುದೂ ನಿಲ್ಲುವುದೇ. ಭಾಷೆಯು ಒಂದುಗೂಡಿಸಿದ ಈ ಎರಡು ಅರ್ಥಗಳನ್ನು ದೇಹವು ಮಾತ್ರ ಒಂದುಗೂಡಿಸಲಾರದು. ಎದ್ದು ನಿಂತ ದೇಹ ಎಂದಿಗೂ ಸುಮ್ಮನಿರುವುದಿಲ್ಲ. ಅದರ ನಿಲುವು ಒಂದು ಸ್ಥಿತಿಯಲ್ಲ, ಎಡೆಬಿಡದ ಕ್ರಿಯೆ. ಈ ಕ್ರಿಯೆಯ ಬಗೆಯನ್ನು ತಿಳಿದುಕೊಳ್ಳುವುದು ಕುತೂಹಲಕ್ಕಾಗಿ ಮಾತ್ರವಲ್ಲ, ಮನೆಯ ಹಿರಿಯರ ಕ್ಷೇಮಕ್ಕಾಗಿಯೂ ಅವಶ್ಯವಾದುದು.

ಮೊದಲು ಭಾರದ ಲೆಕ್ಕವನ್ನು ನೋಡಬಹುದು. ನೆಟ್ಟಗೆ ನಿಂತವನ ಗುರುತ್ವಕೇಂದ್ರವು ಹೊಕ್ಕುಳಿನಿಂದ ಸ್ವಲ್ಪ ಕೆಳಗೆ, ಬೆನ್ನುಮೂಳೆಯ ಬುಡಭಾಗದ ಎದುರಿಗೆ ಇರುತ್ತದೆ. ಅಲ್ಲಿಂದ ನೆಲಕ್ಕೆ ಇಳಿಬಿಟ್ಟ ತೂಗುಗುಂಡಿನ ದಾರವು ಎರಡು ಪಾದಗಳು ಆವರಿಸಿದ ಕಿರಿದಾದ ಜಾಗದೊಳಗೆ ಬಿದ್ದರೆ ಮನುಷ್ಯ ನಿಲ್ಲುತ್ತಾನೆ. ಆಚೆಗೆ ಹೋದರೆ ಬೀಳುತ್ತಾನೆ. ನಾಲ್ಕು ಕಾಲಿನ ಪ್ರಾಣಿಗಿರುವ ವಿಶಾಲವಾದ ಆಧಾರ ಅವನಿಗಿಲ್ಲ. ಅದೂ ಅಲ್ಲದೆ, ಈ ದಾರವು ಪಾದದ ಕೀಲಿನ ಮೇಲೆ ಸರಿಯಾಗಿ ಬೀಳದೆ ತುಸು ಮುಂದಕ್ಕೆ ಬೀಳುತ್ತದೆ. ಆದುದರಿಂದ ದೇಹವು ಸದಾ ಮುಂದಕ್ಕೆ ವಾಲಲು ಹವಣಿಸುತ್ತಿರುತ್ತದೆ. ಮೀನಖಂಡದ ಸ್ನಾಯುಗಳು ಅದನ್ನು ಸದಾ ಹಿಂದಕ್ಕೆ ಸೆಳೆದು ಹಿಡಿದಿರುತ್ತವೆ. ಬಹಳ ಹೊತ್ತು ನಿಂತವರ ಮೀನಖಂಡ ನೋಯುವುದಕ್ಕೆ ಇದೂ ಒಂದು ಕಾರಣ. ಈ ವಾಲುವಿಕೆ ಮತ್ತು ಸೆಳೆತಗಳ ನಡುವೆ ದೇಹವು ಹಿಂದೆ ಮುಂದೆ ಸಣ್ಣಗೆ ತೂಗುತ್ತಲೇ ಇರುತ್ತದೆ. ಬರಿಗಣ್ಣಿಗೆ ಇದು ಕಾಣದಿದ್ದರೂ ಪಾದದ ಒತ್ತಡವನ್ನು ಅಳೆಯುವ ಹಲಗೆಯ ಮೇಲೆ ನಿಂತರೆ ಸ್ಪಷ್ಟವಾಗಿ ಗೋಚರಿಸುತ್ತದೆ.

ದೇಹ ಯಾವ ಕಡೆಗೆ ವಾಲುತ್ತಿದೆಯೆಂಬುದನ್ನು ತಿಳಿಯದೆ ಅದನ್ನು ತಿದ್ದುವುದು ಸಾಧ್ಯವಿಲ್ಲ. ಈ ಸುದ್ದಿಯನ್ನು ಮಿದುಳಿಗೆ ತರುವ ಸಾಕ್ಷಿಗಳು ಮುಖ್ಯವಾಗಿ ಮೂರು: ಕಣ್ಣು, ಒಳಕಿವಿ, ಮತ್ತು ಸ್ನಾಯು, ಕೀಲು, ಅಂಗಾಲುಗಳಲ್ಲಿ ಹರಡಿರುವ ಅಂಗಸ್ಥಿತಿಯ ಅರಿವು.

ಕಣ್ಣಿನ ಸಾಕ್ಷ್ಯ ಎಷ್ಟು ಬಲವಾದುದೆಂಬುದನ್ನು ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಎಂಬ ವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿಕೊಟ್ಟಿತು. ನೆಲ ಸ್ಥಿರವಾಗಿದ್ದು ಗೋಡೆಗಳು ಮಾತ್ರ ಸರಿಯುವಂತಹ ಕೋಣೆಯೊಂದನ್ನು ಅವರು ರಚಿಸಿದರು. ಆಗತಾನೆ ನಿಲ್ಲಲು ಕಲಿತ ಕೂಸುಗಳನ್ನು ಅದರೊಳಗೆ ನಿಲ್ಲಿಸಿ ಗೋಡೆಯನ್ನು ಮೆಲ್ಲಗೆ ಸರಿಸಿದಾಗ ಕೂಸುಗಳು ತೂರಾಡಿದವು, ಎಷ್ಟೋ ಸಲ ಬಿದ್ದೂ ಬಿಟ್ಟವು. ಕಾಲಕೆಳಗಿನ ನೆಲ ಕದಲಿರಲಿಲ್ಲ. ಆದರೆ ಗೋಡೆ ಹತ್ತಿರ ಬಂದುದನ್ನು ಕಂಡ ಕೂಸಿಗೆ ತಾನೇ ಮುಂದಕ್ಕೆ ವಾಲಿದಂತಾಯಿತು. ಇಲ್ಲದ ವಾಲುವಿಕೆಯನ್ನು ತಿದ್ದಲು ಹೋಗಿ ಅದು ಹಿಂದಕ್ಕೆ ಬಿತ್ತು. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ತಮ್ಮ ರೈಲೇ ಚಲಿಸಿತೆಂದು ಬೆದರುವ ವಯಸ್ಕರ ಅನುಭವವೂ ಇದೇ ಜಾತಿಯದು.

ಎರಡನೆಯ ಸಾಕ್ಷಿಯಾದ ಒಳಕಿವಿ ತಲೆಬುರುಡೆಯ ಗಟ್ಟಿಯಾದ ಎಲುಬಿನೊಳಗೆ ಅಡಗಿದೆ. ಅಲ್ಲಿ ಪ್ರತಿಯೊಂದು ಪಕ್ಕದಲ್ಲಿಯೂ ಮೂರು ಅರ್ಧವೃತ್ತ ನಾಳಗಳಿವೆ. ಒಂದು ಪೆಟ್ಟಿಗೆಯ ಮೂಲೆಯಲ್ಲಿ ಕೂಡುವ ಮೂರು ಹಲಗೆಗಳಂತೆ ಅವು ಒಂದಕ್ಕೊಂದು ಲಂಬವಾಗಿ ನಿಂತಿವೆ. ನಾಳಗಳೊಳಗೆ ದ್ರವವಿದೆ. ತಲೆ ತಿರುಗಿದಾಗ ನಾಳವೂ ಜೊತೆಯಲ್ಲಿ ತಿರುಗುತ್ತದೆ, ದ್ರವ ಕ್ಷಣಕಾಲ ಹಿಂದುಳಿಯುತ್ತದೆ; ಆ ಹಿಂದುಳಿಕೆಯಿಂದ ಅಲ್ಲಿನ ಸೂಕ್ಷ್ಮವಾದ ರೋಮಕೋಶಗಳು ಬಾಗಿ ನರಕ್ಕೆ ಸುದ್ದಿ ಕೊಡುತ್ತವೆ. ನಾಳಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳಿದ್ದು, ಅವುಗಳಲ್ಲಿ ಲೋಳೆಯಂತಹ ಪದರದ ಮೇಲೆ ಸುಣ್ಣಕಲ್ಲಿನ ದ್ರವ್ಯವೇ ಆದ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಹರಳುಗಳಿವೆ. ತಲೆ ಓರೆಯಾದಾಗ ಈ ಹರಳುಗಳು ತಮ್ಮ ಭಾರದಿಂದ ಜಗ್ಗಿ ‘ಕೆಳಗು’ ಯಾವ ಕಡೆಗಿದೆಯೆಂಬುದನ್ನು ತಿಳಿಸುತ್ತವೆ. ನಾಳಗಳು ತಿರುಗುವಿಕೆಯ ಸಾಕ್ಷಿ, ಚೀಲಗಳು ವಾಲುವಿಕೆ ಮತ್ತು ನೇರ ಚಲನೆಯ ಸಾಕ್ಷಿ.

ಈ ಜ್ಞಾನ ಒಂದೇ ದಿನದಲ್ಲಿ ಲಭಿಸಿದುದಲ್ಲ. ಕಿವಿಯ ಕೆಲಸ ಕೇಳುವುದೊಂದೇ ಎಂದು ತಿಳಿದಿದ್ದ ಕಾಲದಲ್ಲಿ, 1820ರ ದಶಕದಲ್ಲಿ, ಫ್ರಾನ್ಸಿನ ಪಿಯೇರ್ ಫ್ಲೂರಾನ್ಸ್ ಪಾರಿವಾಳಗಳ ಅರ್ಧವೃತ್ತ ನಾಳಗಳನ್ನು ಕತ್ತರಿಸಿ ನೋಡಿದನು. ಅವುಗಳ ಶ್ರವಣಶಕ್ತಿ ಉಳಿಯಿತು, ಸಮತೋಲ ಹೋಯಿತು. ಯಾವ ನಾಳಕ್ಕೆ ಪೆಟ್ಟಾಗಿತ್ತೋ ಆ ನಾಳದ ದಿಕ್ಕಿಗೆ ಅನುಗುಣವಾಗಿ ಹಕ್ಕಿಯ ತಲೆ ಅತ್ತಿತ್ತ ಹೊಯ್ದಾಡಿತು. 1861ರಲ್ಲಿ ಪ್ಯಾರಿಸಿನ ವೈದ್ಯ ಪ್ರಾಸ್ಪೆರ್ ಮೆನ್ಯೇರ್, ಅಂದಿನ ವೈದ್ಯರು ಮಿದುಳಿನ ವ್ಯಾಧಿಯೆಂದು ಭಾವಿಸಿದ್ದ ಕೆಲವು ಬಗೆಯ ತಲೆಸುತ್ತುಗಳ ಮೂಲ ಒಳಕಿವಿಯಲ್ಲಿದೆಯೆಂದು ಸಾರಿದನು. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ಕಣ್ಣುಗುಡ್ಡೆಗಳು ಒಂದು ದಿಕ್ಕಿಗೂ, ಬಿಸಿಯಾಗಿದ್ದರೆ ವಿರುದ್ಧ ದಿಕ್ಕಿಗೂ ಹೊಯ್ದಾಡುವುದನ್ನು ಗಮನಿಸಿ, ಒಳಕಿವಿಯನ್ನು ಪರೀಕ್ಷಿಸುವ ವಿಧಾನವನ್ನೇ ರೂಪಿಸಿದನು. ಅವನಿಗೆ 1914ರ ನೊಬೆಲ್ ಪಾರಿತೋಷಕ ದೊರೆತ ವಾರ್ತೆ ತಲುಪಿದಾಗ ಅವನು ರಷ್ಯದಲ್ಲಿ ಯುದ್ಧಕೈದಿಯಾಗಿದ್ದನು.

ಮೂರನೆಯ ಸಾಕ್ಷಿ ಎಲ್ಲಕ್ಕಿಂತ ಮೌನವಾದುದು. ಕಣ್ಣು ಮುಚ್ಚಿಕೊಂಡೂ ತನ್ನ ಕೈ ಎಲ್ಲಿದೆಯೆಂದು ಮನುಷ್ಯ ಬಲ್ಲನು. ಸ್ನಾಯುಗಳ ನಡುವೆ ಹುದುಗಿರುವ ಕದಿರಿನಾಕಾರದ ಸೂಕ್ಷ್ಮಾಂಗಗಳು ಸ್ನಾಯು ಎಷ್ಟು ಹಿಗ್ಗಿದೆಯೆಂಬುದನ್ನೂ, ಅಂಗಾಲಿನ ಚರ್ಮವು ಭಾರ ಹಿಮ್ಮಡಿಯ ಮೇಲಿದೆಯೋ ಬೆರಳುಗಳ ಮೇಲಿದೆಯೋ ಎಂಬುದನ್ನೂ ತಿಳಿಸುತ್ತಿರುತ್ತವೆ. ಈ ಅರಿವಿಗೆ ಪ್ರತ್ಯೇಕವಾದ ಹೆಸರನ್ನು ಕೊಟ್ಟು 1906ರಲ್ಲಿ ಶಾಸ್ತ್ರದಲ್ಲಿ ನೆಲೆಗೊಳಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ಷೆರಿಂಗ್‌ಟನ್. ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಬರ್ಲಿನ್ನಿನ ವೈದ್ಯ ಮೊರಿಟ್ಸ್ ರೋಂಬರ್ಗ್, ಬೆನ್ನುಹುರಿಯ ರೋಗವೊಂದಕ್ಕೆ ತುತ್ತಾದವರು ಕಣ್ಣು ತೆರೆದಿರುವಾಗ ನಿಲ್ಲಬಲ್ಲರು, ಕಣ್ಣು ಮುಚ್ಚಿದೊಡನೆ ತೂರಾಡುತ್ತಾರೆ ಎಂಬುದನ್ನು ವಿವರಿಸಿದ್ದನು. ಅವರಲ್ಲಿ ಕಾಲಿನ ಸುದ್ದಿ ಮಿದುಳಿಗೆ ತಲುಪುತ್ತಿರಲಿಲ್ಲ, ಕಣ್ಣೊಂದೇ ಆಸರೆಯಾಗಿತ್ತು. ಪಾದಗಳನ್ನು ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸುವ ಈ ಪರೀಕ್ಷೆಯನ್ನು ವೈದ್ಯರು ಇಂದಿಗೂ ಅನುಸರಿಸುತ್ತಾರೆ.

ಈ ಅರಿವು ಸಂಪೂರ್ಣವಾಗಿ ಹೋದರೆ ಏನಾಗುವುದೆಂಬುದಕ್ಕೆ ಇಯಾನ್ ವಾಟರ್‌ಮನ್ ಎಂಬಾತನ ಜೀವನ ನಿದರ್ಶನವಾಗಿದೆ. 1971ರಲ್ಲಿ, 19ನೆಯ ವಯಸ್ಸಿನಲ್ಲಿ, ಕಾಯಿಲೆಯೊಂದರ ತರುವಾಯ ಈತನಿಗೆ ಕುತ್ತಿಗೆಯಿಂದ ಕೆಳಗೆ ಸ್ಪರ್ಶವೂ ಅಂಗಸ್ಥಿತಿಯ ಅರಿವೂ ಇಲ್ಲವಾದವು. ಸ್ನಾಯುಗಳಲ್ಲಿ ಬಲವಿದ್ದಿತು; ಆದರೆ ಕೈಕಾಲುಗಳು ಎಲ್ಲಿವೆಯೆಂಬುದೇ ತಿಳಿಯದೆ ಏಳಲೂ ಆಗಲಿಲ್ಲ. ಪ್ರತಿಯೊಂದು ಅಂಗವನ್ನು ಕಣ್ಣಿನಿಂದ ನೋಡುತ್ತ, ಪ್ರತಿಯೊಂದು ಚಲನೆಯನ್ನು ಮನಸ್ಸಿನಲ್ಲಿ ಯೋಜಿಸುತ್ತ ಈತ ಬಹುಕಾಲದ ಸಾಧನೆಯಿಂದ ಮತ್ತೆ ನಡೆಯಲು ಕಲಿತನು. ಆದರೂ ದೀಪ ಆರಿದರೆ ಕುಸಿದು ಬೀಳುತ್ತಿದ್ದನು. ವೈದ್ಯ ಜೊನಾಥನ್ ಕೋಲ್ 1991ರಲ್ಲಿ ಈ ವೃತ್ತಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಇತರರಿಗೆ ತಿಳಿಯದಂತೆಯೇ ನಡೆದುಹೋಗುವ ಕೆಲಸ ಈತನಿಗೆ ದಿನವಿಡೀ ಎಚ್ಚರವನ್ನು ಬೇಡುವ ದುಡಿಮೆಯಾಗಿತ್ತು.

ಸಾಕ್ಷಿಗಳು ಮೂವರಾದ ಮೇಲೆ ತೀರ್ಪುಗಾರನೂ ಬೇಕಷ್ಟೆ. ಮಿದುಳುಕಾಂಡ, ಕಿರುಮಿದುಳು ಮತ್ತು ಮೇಲ್ಮಿದುಳಿನ ಕೆಲವು ಭಾಗಗಳು ಕೂಡಿ ಈ ಕಾರ್ಯವನ್ನು ನಿರ್ವಹಿಸುತ್ತವೆ. ಯಾವ ಸಾಕ್ಷಿಯನ್ನು ಎಷ್ಟು ನಂಬಬೇಕೆಂಬುದು ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಕತ್ತಲೆಯಲ್ಲಿ ಕಣ್ಣಿನ ಪಾಲು ಕಡಿಮೆಯಾಗಿ ಅಂಗಾಲಿನ ಪಾಲು ಹೆಚ್ಚುತ್ತದೆ. ಮೆತ್ತನೆಯ ಮರಳಿನ ಮೇಲೆ ಅಂಗಾಲಿನ ಸುದ್ದಿ ಮಸುಕಾಗಿ ಒಳಕಿವಿಯ ಮಾತಿಗೆ ಬೆಲೆ ಬರುತ್ತದೆ. ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಾಗ ಗೊಂದಲವುಂಟಾಗುತ್ತದೆ. ಘಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ಪುಸ್ತಕ ಓದುವವನಿಗೆ ಹೊಟ್ಟೆ ತೊಳಸುವುದು ಇದರಿಂದಲೇ: ಕಣ್ಣು ಸ್ಥಿರತೆಯನ್ನು ಹೇಳುತ್ತದೆ, ಒಳಕಿವಿ ಚಲನೆಯನ್ನು ಹೇಳುತ್ತದೆ. ತೀರ್ಪು ಹೊರಡುವ ವೇಗವೂ ಆಶ್ಚರ್ಯಕರವಾದುದು. ತಲೆ ಅಲುಗಿದಾಗ ನೋಟವನ್ನು ಸ್ಥಿರಗೊಳಿಸುವ ಕಣ್ಣಿನ ಚಲನೆ ಒಂದು ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗದಲ್ಲಿ ಆರಂಭವಾಗುತ್ತದೆ. ಕಾಲ ಕೆಳಗಿನ ನೆಲ ಜಾರಿದಾಗ ಕಾಲಿನ ಸ್ನಾಯುಗಳ ತಿದ್ದುಪಡಿ ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗದಲ್ಲಿಯೇ ಮೊದಲಾಗುತ್ತದೆ. ‘ಜಾರಿದೆ’ ಎಂಬ ಯೋಚನೆ ಮೂಡುವುದಕ್ಕೆ ಮೊದಲೇ ದೇಹ ತನ್ನ ಕೆಲಸವನ್ನು ಆರಂಭಿಸಿರುತ್ತದೆ.

ಇದಕ್ಕಿಂತಲೂ ವಿಶೇಷವಾದುದು ಮುಂದರಿವು. 1967ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಬೆಲೆಂಕಿ, ಗುರ್ಫಿಂಕೆಲ್ ಮತ್ತು ಪಾಲ್ತ್‌ಸೆವ್ ಒಂದು ಸರಳವಾದ ಸಂಗತಿಯನ್ನು ಬೆಳಕಿಗೆ ತಂದರು. ನಿಂತವನು ಕೈಯನ್ನು ಮುಂದಕ್ಕೆ ಎತ್ತಬೇಕೆಂದಾಗ, ಕೈಯ ಸ್ನಾಯುಗಳು ದುಡಿಯುವುದಕ್ಕೆ ಮೊದಲೇ ಕಾಲಿನ ಸ್ನಾಯುಗಳು ಬಿಗಿಯುತ್ತವೆ. ಕೈ ಎತ್ತಿದರೆ ಭಾರ ಮುಂದಕ್ಕೆ ಸರಿಯುವುದೆಂಬುದನ್ನು ದೇಹ ಮೊದಲೇ ಬಲ್ಲದು. ಆದುದರಿಂದ ಬೀಳುವುದಕ್ಕೆ ಮೊದಲೇ ತಿದ್ದಿಕೊಳ್ಳುತ್ತದೆ. ಅನುಭವಸ್ಥನಾದ ನಂದಿಕೋಲಿನವನು ಕೋಲು ವಾಲುವುದನ್ನು ಕಾಯುವುದಿಲ್ಲ, ತಾನು ಇಡಲಿರುವ ಹೆಜ್ಜೆಗೆ ತಕ್ಕಂತೆ ಸೊಂಟವನ್ನು ಮೊದಲೇ ಹದಗೊಳಿಸಿಕೊಂಡಿರುತ್ತಾನೆ.

ವಯಸ್ಸಾದಂತೆ ಈ ಏರ್ಪಾಡಿನ ಎಲ್ಲ ಅಂಗಗಳೂ ಸವೆಯುತ್ತವೆ. ಕಣ್ಣಿಗೆ ಪೊರೆ ಬರುತ್ತದೆ, ಒಳಕಿವಿಯ ರೋಮಕೋಶಗಳು ಕಡಿಮೆಯಾಗುತ್ತವೆ, ಸ್ನಾಯುಗಳು ಸೊರಗುತ್ತವೆ. ಸಕ್ಕರೆ ಕಾಯಿಲೆ ಬಹುಕಾಲ ಇದ್ದವರಲ್ಲಿ ಅಂಗಾಲಿನ ನರಗಳು ಜಡವಾಗುತ್ತವೆ. ಒಬ್ಬ ಸಾಕ್ಷಿ ಹೋದರೆ ಉಳಿದಿಬ್ಬರು ಹೇಗೋ ನಡೆಸುತ್ತಾರೆ. ಇಬ್ಬರು ಹೋದಾಗ ಆಪತ್ತು ಕಾದಿರುತ್ತದೆ. ಹಗಲೆಲ್ಲ ಚೆನ್ನಾಗಿ ಓಡಾಡುವ ಅಜ್ಜ ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವುದರಲ್ಲಿ ವಿಚಿತ್ರವೇನೂ ಇಲ್ಲ. ಕಾಲಿನ ಅರಿವು ಎಂದೋ ಕುಗ್ಗಿತ್ತು. ಅದನ್ನು ಮರೆಮಾಡಿದ್ದ ಕಣ್ಣಿನ ನೆರವನ್ನು ಕತ್ತಲೆ ಕಿತ್ತುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಇವರಲ್ಲಿ 60 ದಾಟಿದವರೇ ಅಧಿಕ. ಬದುಕಿ ಉಳಿದವರಲ್ಲಿಯೂ ಸೊಂಟದ ಕೀಲಿನ ಬಳಿ ಎಲುಬು ಮುರಿದು ಹಾಸಿಗೆ ಹಿಡಿದವರ ಕಷ್ಟ ಹೇಳತೀರದು.

ಇಷ್ಟಾದರೂ ‘ವಯಸ್ಸಾಯಿತು, ತಲೆ ಸುತ್ತುವುದು ಸಹಜ’ ಎಂದು ಕೈಬಿಡುವುದು ಸರಿಯಲ್ಲ. ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿದಂತಾಗುವ ಬಾಧೆಗೆ ಒಳಕಿವಿಯ ಹರಳುಗಳು ಸ್ಥಳ ತಪ್ಪಿ ಅರ್ಧವೃತ್ತ ನಾಳವನ್ನು ಸೇರಿರುವುದು ಎಷ್ಟೋ ವೇಳೆ ಕಾರಣವಾಗಿರುತ್ತದೆ. ತಲೆಯನ್ನು ಕ್ರಮವಾಗಿ ಕೆಲವು ಭಂಗಿಗಳಲ್ಲಿ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಸೇರಿಸುವ ಚಿಕಿತ್ಸೆಯೊಂದನ್ನು ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದನು. ತಿಳಿದ ವೈದ್ಯರು ಇದನ್ನು ಕೆಲವೇ ನಿಮಿಷಗಳಲ್ಲಿ ಮಾಡಬಲ್ಲರು. ನಿದ್ರೆಯ ಮಾತ್ರೆಗಳು, ರಕ್ತದೊತ್ತಡದ ಕೆಲವು ಔಷಧಗಳು ಸಹ ತೂರಾಟಕ್ಕೆ ಕಾರಣವಾಗಬಹುದಾದುದರಿಂದ ಅವುಗಳ ವಿಷಯವನ್ನು ವೈದ್ಯರೊಡನೆ ವಿಚಾರಿಸಬೇಕು; ತಾವಾಗಿಯೇ ನಿಲ್ಲಿಸಬಾರದು. ಹಾಸಿಗೆಯಿಂದ ತಟ್ಟನೆ ಏಳದೆ ಕ್ಷಣಕಾಲ ಕುಳಿತು ಏಳುವುದು, ಬಚ್ಚಲ ದಾರಿಯಲ್ಲಿ ರಾತ್ರಿ ದೀಪವಿರಿಸುವುದು, ಒದ್ದೆ ನೆಲವನ್ನು ಒರೆಸುವುದು, ಎತ್ತರದ ಹೊಸ್ತಿಲಿನ ಬಳಿ ಹಿಡಿದುಕೊಳ್ಳಲು ಆಸರೆ ಮಾಡುವುದು, ಇವು ಖರ್ಚಿಲ್ಲದ ಉಪಾಯಗಳು.

ಬಿದ್ದೇನೆಂಬ ಭಯದಿಂದ ನಡೆಯುವುದನ್ನೇ ಬಿಡುವುದು ಮಾತ್ರ ತಪ್ಪು ದಾರಿ. ನಡೆಯದ ಕಾಲು ಇನ್ನಷ್ಟು ಬಲಗುಂದುತ್ತದೆ, ಭಯ ಇನ್ನಷ್ಟು ನಿಜವಾಗುತ್ತದೆ. ಹಲವು ದೇಶಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯ ಪ್ರಕಾರ ವ್ಯಾಯಾಮವು ಹಿರಿಯರ ಬೀಳುವಿಕೆಯನ್ನು ಶೇಕಡ 23ರಷ್ಟು ತಗ್ಗಿಸುತ್ತದೆ. ಅದರಲ್ಲಿಯೂ ಸಮತೋಲದ ಅಭ್ಯಾಸಕ್ಕೆ ಪ್ರಾಧಾನ್ಯವಿದೆ. ನಂದಿಕೋಲಿನವನು ಅಭ್ಯಾಸದಿಂದ ಗಳಿಸಿದುದನ್ನು ಮುಪ್ಪಿನಲ್ಲಿಯೂ ಅಲ್ಪಸ್ವಲ್ಪವಾದರೂ ಗಳಿಸಬಹುದೆಂಬುದು ಇದರ ತಾತ್ಪರ್ಯ.

ಊರುಗೋಲಿನ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಎಷ್ಟೋ ಹಿರಿಯರು ಅದನ್ನು ದೌರ್ಬಲ್ಯದ ಗುರುತೆಂದು ಬಗೆದು ಹಿಡಿಯಲು ಸಂಕೋಚಪಡುತ್ತಾರೆ. ಜೆಕಾ ಮತ್ತು ಲ್ಯಾಕ್ನರ್ ಎಂಬ ಅಮೆರಿಕದ ಸಂಶೋಧಕರು 1994ರಲ್ಲಿ ತೋರಿಸಿದಂತೆ, ಕಣ್ಣು ಮುಚ್ಚಿ ನಿಂತವನು ಸ್ಥಿರವಾದ ವಸ್ತುವೊಂದನ್ನು ಬೆರಳ ತುದಿಯಿಂದ ಸುಮ್ಮನೆ ಮುಟ್ಟಿದರೂ ಅವನ ತೂಗಾಟ ಬಹಳ ಕಡಿಮೆಯಾಗುತ್ತದೆ. ಅಷ್ಟು ಹಗುರವಾದ ಸ್ಪರ್ಶ ದೇಹದ ಭಾರವನ್ನು ಹೊರಲಾರದು. ಅದು ಕೊಡುವುದು ಆಧಾರವನ್ನಲ್ಲ, ಅರಿವನ್ನು. ಕೈಯಲ್ಲಿರುವ ಕೋಲು ಭಾರ ಹೊರುವುದರ ಜೊತೆಗೆ ನೆಲದ ಸುದ್ದಿಯನ್ನು ಅಂಗೈಗೆ ಮುಟ್ಟಿಸುತ್ತದೆ. ದಣಿದ ಸಾಕ್ಷಿಗಳ ನಡುವೆ ಹೊಸ ಸಾಕ್ಷಿಯೊಂದು ಬಂದು ನಿಂತಂತಾಗುತ್ತದೆ.

ಅಂಬೆಗಾಲಿಡುವ ಕೂಸು ಗೋಡೆ ಹಿಡಿದು ಮೊದಲ ಸಲ ಎದ್ದು ನಿಂತಾಗ ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಅಂದು ಆರಂಭವಾದ ಕೆಲಸವನ್ನು ಎಪ್ಪತ್ತು ಎಂಬತ್ತು ವರ್ಷ ನಿಲ್ಲಿಸದೆ ನಡೆಸಿಕೊಂಡು ಬಂದ ದೇಹ ಮತ್ತೆ ಗೋಡೆಯತ್ತ ಕೈ ಚಾಚಿದಾಗ, ಅಂದಿನಂತೆಯೇ ಹತ್ತಿರ ನಿಲ್ಲುವವರು ಮನೆಯಲ್ಲಿರಬೇಕು.