ವೀಸಾ ಮುಗಿದಿದೆಯೇ? ಬಚ್ಚಿಟ್ಟುಕೊಂಡು ಕೂರಬೇಡಿ



ಗಂಡ ನಮ್ಮ ಕತ್ರಿಗುಪ್ಪೆಯವರು, ಹೆಂಡತಿ ಹೊರದೇಶದವರು. “ಮದುವೆ ಆಗಿದೆಯಲ್ಲ, ಇನ್ನೇನು ಕಾಗದ?” ಅಂತ ಸುಮ್ಮನಿರುವವರಿಗೆ ನಾವು ಹೇಳುವುದಿಷ್ಟು: ಬರೀ ಮದುವೆಯಿಂದ ಪೌರತ್ವ ಬರುವುದಿಲ್ಲ. 1955ರ ಪೌರತ್ವ ಕಾಯಿದೆಯಂತೆ ಏಳು ವರ್ಷ ಇಲ್ಲಿ ವಾಸವಿದ್ದು ಅರ್ಜಿ ಹಾಕಬೇಕು. ವೀಸಾ ಮೀರಿ ಉಳಿದವರನ್ನು ಕಾಯಿದೆ ‘ಅಕ್ರಮ ವಲಸಿಗ’ ಎನ್ನುತ್ತದೆ. ಅವರಿಗೆ ಸಾಮಾನ್ಯವಾಗಿ ಈ ದಾರಿ ಮುಚ್ಚಿರುತ್ತದೆ.

ಪೆಟ್ಟು ಮಕ್ಕಳಿಗೂ ಬೀಳುತ್ತದೆ. 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದ ಮಗುವಿನ ತಂದೆ ಭಾರತೀಯರಾದರೂ, ಹೆರಿಗೆಯ ಹೊತ್ತಿಗೆ ತಾಯಿಯ ವೀಸಾ ಮುಗಿದಿದ್ದರೆ ಮಗುವಿಗೆ ಹುಟ್ಟಿನಿಂದ ಪೌರತ್ವ ಸಿಗುವುದಿಲ್ಲ. ಜನನ ಪತ್ರ ಒಂದೇ ಸಾಲದು.

ಹಾಗಾದರೆ ಏನು ಮಾಡಬೇಕು?

1. ವೀಸಾ ಇನ್ನೂ ಇದ್ದರೆ, ಮುಗಿಯುವ ಮೊದಲೇ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ ಆನ್‌ಲೈನ್ ಅರ್ಜಿ ಹಾಕಿ.

2. ಮುಗಿದಿದ್ದರೆ ಮೊದಲು ವಕೀಲರನ್ನು ಕಾಣಿ. 2025ರ ವಲಸೆ ಮತ್ತು ವಿದೇಶಿಯರ ಕಾಯಿದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಹೆಂಗಸರಿಗೆ, ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವುಂಟು.

3. ಮದುವೆ ನೋಂದಣಿ ಪತ್ರ, ಹಳೆಯ ಪಾಸ್‌ಪೋರ್ಟ್ ಜೋಪಾನವಾಗಿಡಿ.

4. ದಲ್ಲಾಳಿ ಮಾಡಿಸಿಕೊಡುವ ವೋಟರ್ ಕಾರ್ಡು ಬೇಡವೇ ಬೇಡ. ಅದು ಇನ್ನೊಂದು ಅಪರಾಧ.

ತಡ ಮಾಡಿದಷ್ಟೂ ಗಂಟು ಬಿಗಿಯಾಗುತ್ತದೆ. ಇಂದೇ ಕಾಗದಗಳನ್ನು ತೆಗೆದು ನೋಡಿ.