ದೀರ್ಘದೂರದ ಅಶ್ವಾರೋಹಣದಲ್ಲಿ ಕುದುರೆಯ ಕ್ಷೇಮ

ಒಂದೇ ದಿನದಲ್ಲಿ 100 ಮೈಲಿಗಳಷ್ಟು ದೂರವನ್ನು ಕುದುರೆಯ ಮೇಲೆ ಕ್ರಮಿಸುವ ಸ್ಪರ್ಧೆಗಳು ಇಂದು ಹಲವು ದೇಶಗಳಲ್ಲಿ ನಡೆಯುತ್ತಿವೆ. ಸಾಮಾನ್ಯವಾದ ಕುದುರೆ ಪಂದ್ಯಕ್ಕೂ ಇವಕ್ಕೂ ಒಂದು ಮುಖ್ಯವಾದ ಭೇದವುಂಟು. ಇಲ್ಲಿ ಮೊದಲು ಗುರಿ ಮುಟ್ಟಿದರೆ ಸಾಲದು. ಕುದುರೆಯು ಇನ್ನೂ ಮುಂದೆ ಸಾಗಲು ಸಮರ್ಥವಾಗಿದೆಯೆಂದು ಪಶುವೈದ್ಯರು ಒಪ್ಪಿದ ಹೊರತು ಗೆಲುವು ಸಿದ್ಧಿಸುವುದಿಲ್ಲ. ಈ ನಿಯಮದ ಅಗತ್ಯವೇನು, ಅದರ ಮಿತಿ ಎಲ್ಲಿ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುತ್ತೇವೆ.

ಇಂತಹ ನಿಯಮವಿಲ್ಲದಿದ್ದಾಗ ಆಗುತ್ತಿದ್ದುದೇನೆಂಬುದಕ್ಕೆ 1892ರ ಸ್ಪರ್ಧೆಯೊಂದು ನಿದರ್ಶನ. ಆ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯ ಸೇನಾಧಿಕಾರಿಗಳು ಬರ್ಲಿನ್ನಿನಿಂದ ವಿಯೆನ್ನಾಕ್ಕೂ, ಆಸ್ಟ್ರಿಯ-ಹಂಗೆರಿಯವರು ವಿಯೆನ್ನಾದಿಂದ ಬರ್ಲಿನ್ನಿಗೂ ಸವಾರಿ ಮಾಡಿದರು. ದೂರ ಸುಮಾರು 580 ಕಿಲೋಮೀಟರು. ಮೊದಲಿಗನಾದ ಕೌಂಟ್ ಸ್ಟಾರೆಂಬರ್ಗ್ ಅದನ್ನು 72 ಗಂಟೆಗಳೊಳಗೆ ಮುಗಿಸಿದನು. ಆದರೆ ಅವನ ಕುದುರೆ ಬದುಕಿ ಉಳಿಯಲಿಲ್ಲ. ಇನ್ನೂ ಅನೇಕ ಕುದುರೆಗಳು ಅದೇ ಗತಿಯನ್ನು ಕಂಡವು.

1955ರಲ್ಲಿ ವೆಂಡೆಲ್ ರೋಬಿ ಎಂಬುವರು ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಗಳನ್ನು ದಾಟಿ ಆಬರ್ನ್ ಪಟ್ಟಣವನ್ನು ಸೇರುವ 100 ಮೈಲಿಗಳ ಸವಾರಿಯನ್ನು ಆರಂಭಿಸಿದರು. 1964ರಿಂದ ಅಲ್ಲಿ, ಮೊದಲು ಬಂದ ಹತ್ತು ಕುದುರೆಗಳಲ್ಲಿ ಅತ್ಯುತ್ತಮ ದೇಹಸ್ಥಿತಿಯಲ್ಲಿರುವ ಕುದುರೆಗೆ ಪ್ರತ್ಯೇಕವಾದ ಬಹುಮಾನವೂ ಏರ್ಪಟ್ಟಿತು. ಬೇಗ ಬಂದವನಷ್ಟೇ ಅಲ್ಲ, ಕುದುರೆಯನ್ನು ಚೆನ್ನಾಗಿ ಕಾಪಾಡಿಕೊಂಡು ಬಂದವನೂ ಗೌರವಾರ್ಹನೆಂಬ ತತ್ತ್ವಕ್ಕೆ ಹೀಗೆ ಮನ್ನಣೆ ದೊರೆಯಿತು.

ಕುದುರೆಗೆ ಆಯಾಸವಾದರೆ ಅದು ತಾನೇ ನಿಲ್ಲುವುದಿಲ್ಲವೆ ಎಂದು ಓದುಗರು ಕೇಳಬಹುದು. ಇದಕ್ಕೆ ಶರೀರಕ್ರಿಯಾಶಾಸ್ತ್ರವು ಕೊಡುವ ಉತ್ತರ ಗಮನಾರ್ಹವಾದುದು. ಸ್ನಾಯುಗಳು ವ್ಯಯಮಾಡುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಲನೆಗೆ ಒದಗುತ್ತದೆ; ಉಳಿದುದು ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಬಿಸಿಲಿನಲ್ಲಿ ಓಡುವ ಕುದುರೆಯು ಗಂಟೆಗೆ 10ರಿಂದ 15 ಲೀಟರುಗಳವರೆಗೆ ಬೆವರಬಲ್ಲುದು. ಮನುಷ್ಯನ ಬೆವರಿನಲ್ಲಿ ಉಪ್ಪು ರಕ್ತದಲ್ಲಿರುವುದಕ್ಕಿಂತ ಕಡಿಮೆ. ಆದುದರಿಂದ ಬೆವರಿದಂತೆಲ್ಲ ನಮ್ಮ ರಕ್ತದಲ್ಲಿ ಉಪ್ಪಿನ ಪ್ರಮಾಣ ಏರಿ ಬಾಯಾರಿಕೆ ಹುಟ್ಟುತ್ತದೆ. ಕುದುರೆಯ ಬೆವರಾದರೋ ರಕ್ತದಷ್ಟೇ, ಅಥವಾ ಅದಕ್ಕಿಂತಲೂ ಹೆಚ್ಚು, ಉಪ್ಪುಳ್ಳದ್ದು. ನೀರಿನೊಡನೆ ಉಪ್ಪೂ ಹೋಗುವುದರಿಂದ ಬಾಯಾರಿಕೆಯ ಸೂಚನೆಯೇ ಮಂದವಾಗುತ್ತದೆ. ನೀರು ಅತ್ಯಂತ ಅವಶ್ಯವಾದ ಸಮಯದಲ್ಲಿಯೇ ಕುದುರೆಯು ನೀರಿನಿಂದ ಮುಖ ತಿರುಗಿಸಬಹುದು. ಸವಾರನು ನಡೆಸಿದರೆ ಮುಂದಕ್ಕೂ ನಡೆಯಬಹುದು. ಅದರ ಮೌನವನ್ನು ಸಮ್ಮತಿಯೆಂದು ತಿಳಿಯುವುದು ಅಪಾಯಕರ.

ಆದಕಾರಣ ಮಾರ್ಗವನ್ನು ಹಲವು ಹಂತಗಳಾಗಿ ವಿಂಗಡಿಸಿ, ಪ್ರತಿಯೊಂದು ಹಂತದ ಕೊನೆಯಲ್ಲಿಯೂ ಪರೀಕ್ಷೆ ನಡೆಸುತ್ತಾರೆ. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯವು ನಿಮಿಷಕ್ಕೆ ಸುಮಾರು 30ರಿಂದ 40 ಸಲ ಬಡಿಯುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಈ ಬಡಿತವು ಗೊತ್ತಾದ ಅವಧಿಯೊಳಗೆ ಸಾಮಾನ್ಯವಾಗಿ 64ಕ್ಕೆ ಇಳಿಯಬೇಕು. ಇಳಿಯದಿದ್ದರೆ ಕುದುರೆಗೆ ಮುಂದುವರಿಯಲು ಅನುಮತಿಯಿಲ್ಲ. ನಡುವಣ ಹಂತಗಳಲ್ಲಿ ಬಡಿತ ಇಳಿಯಲು ಹಿಡಿದ ಕಾಲವೂ ಸವಾರಿಯ ಕಾಲದಲ್ಲಿಯೇ ಸೇರುತ್ತದೆ. ಹೀಗಾಗಿ ಕುದುರೆಯನ್ನು ಅತಿಯಾಗಿ ದಣಿಸಿದವನು ದಾರಿಯಲ್ಲಿ ಗಳಿಸಿದ ನಿಮಿಷಗಳನ್ನು ಪರೀಕ್ಷೆಯ ಸ್ಥಳದಲ್ಲಿ ಕಳೆದುಕೊಳ್ಳುತ್ತಾನೆ. ವೈದ್ಯರು ವಸಡಿನ ಬಣ್ಣ, ಚರ್ಮದ ಬಿಗಿತ, ಕರುಳಿನ ಸದ್ದು, ಕಾಲುಗಳ ಕುಂಟು ಇವುಗಳನ್ನೂ ನೋಡುತ್ತಾರೆ.

ಆದರೂ ಈ ವ್ಯವಸ್ಥೆಯು ಪೂರ್ಣವಲ್ಲ. ಬೆಟ್ಟದ ದಾರಿ ವೇಗಕ್ಕೆ ತಾನೇ ಕಡಿವಾಣ ಹಾಕುತ್ತದೆ. ಸಮತಟ್ಟಾದ ಮರಳುನೆಲದಲ್ಲಿ ಅಂತಹ ತಡೆಯಿಲ್ಲ. ವೇಗ ಮಿತಿಮೀರಿದಾಗ ಮೂಳೆಗಳೇ ಮುರಿಯಬಹುದು. ಸವೆಯುತ್ತಿರುವ ಮೂಳೆಯ ಸ್ಥಿತಿಯನ್ನು ಹೃದಯದ ಬಡಿತವು ತಿಳಿಸಲಾರದು. 2015ರ ಮಾರ್ಚಿಯಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು ಕುದುರೆಗಳ ಕ್ಷೇಮದ ಪ್ರಶ್ನೆಯಿಂದಲೇ ಸಂಯುಕ್ತ ಅರಬ್ ಎಮಿರೇಟ್ಸ್‌ನ ರಾಷ್ಟ್ರೀಯ ಒಕ್ಕೂಟವನ್ನು ಕೆಲಕಾಲ ಅಮಾನತಿನಲ್ಲಿಟ್ಟಿತು. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟ್ರೈಯನ್ನಿನಲ್ಲಿ ನಡೆದ ವಿಶ್ವಸ್ಪರ್ಧೆಯನ್ನು ಸೆಕೆ ಮತ್ತು ತೇವಾಂಶಗಳ ಕಾರಣ ನಡುವೆಯೇ ರದ್ದುಪಡಿಸಬೇಕಾಯಿತು. ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರುವುದಿಲ್ಲ; ಆರದ ಬೆವರು ದೇಹವನ್ನು ತಂಪಾಗಿಸುವುದೂ ಇಲ್ಲ.

ಇವುಗಳಿಂದ ನಾವು ತಿಳಿಯಬೇಕಾದುದಿಷ್ಟೆ: ನಿಯಮವು ನಿಗದಿಮಾಡುವುದು ಕುದುರೆಯ ಸ್ಥಿತಿಯ ಕನಿಷ್ಠ ಮಟ್ಟವನ್ನು ಮಾತ್ರ. ಎರಡು ಪರೀಕ್ಷೆಗಳ ನಡುವಣ ದಾರಿಯಲ್ಲಿ ಕುದುರೆಯ ಸ್ಥಿತಿಯನ್ನು ಬಲ್ಲವನು ಸವಾರನೊಬ್ಬನೇ. ಗೆಲ್ಲುವ ಸಾಧ್ಯತೆಯಿರುವಾಗಲೂ ವೇಗವನ್ನು ತಗ್ಗಿಸುವ, ಅಗತ್ಯವಾದರೆ ಇಳಿದು ಜೊತೆಯಲ್ಲಿ ನಡೆಯುವ, ವೈದ್ಯರು ಹೇಳುವ ಮೊದಲೇ ಸ್ಪರ್ಧೆಯಿಂದ ಹಿಂದೆಗೆಯುವ ವಿವೇಕವು ಅವನಲ್ಲಿಲ್ಲದಿದ್ದರೆ ಯಾವ ನಿಯಮವೂ ಕುದುರೆಯನ್ನು ಪೂರ್ಣವಾಗಿ ರಕ್ಷಿಸಲಾರದು.